ನರಸಿಂಹರಾಜು ಅವರ ಹಲ್ಲು, ನಮ್ಮ ಪ್ರೊಫೈಲ್ ಫೋಟೋ

ತಿಪಟೂರು ಅಂದ ಕೂಡಲೇ ನೆನಪಾಗೋದು ತೆಂಗಿನ ತೋಟ, ಕೊಬ್ಬರಿ ಮಂಡಿ. ಅದೇ ತಿಪಟೂರಿನಲ್ಲಿ 1923ರ ಜುಲೈ 24ರಂದು ಹುಟ್ಟಿದ ಒಬ್ಬ ಹುಡುಗ ಮುಂದೆ ಇಡೀ ಕರ್ನಾಟಕವನ್ನು ನಗಿಸಿದ. ಅವರೇ ಟಿ. ಆರ್. ನರಸಿಂಹರಾಜು, ಕನ್ನಡ ಚಿತ್ರರಂಗದ ಹಾಸ್ಯ ಚಕ್ರವರ್ತಿ. ಸಣಕಲು ಮೈ, ತುಟಿ ಮುಚ್ಚಿದರೂ ಹೊರಗೆ ಇಣುಕುವ ಮೇಲಿನ ಹಲ್ಲು. ನಮ್ಮ ವಯಸ್ಸಿನವರು ಅವರನ್ನು ನೋಡಿದ್ದು ಟಿವಿಯಲ್ಲಿ ಬರುತ್ತಿದ್ದ ಕಪ್ಪು ಬಿಳುಪು ಸಿನಿಮಾಗಳಲ್ಲಿ. ಅಜ್ಜಿ ನಗ್ತಿದ್ರು, ಅಮ್ಮ ನಗ್ತಿದ್ರು, ಅವರನ್ನು ನೋಡಿ ನಾವೂ ನಗ್ತಿದ್ವಿ. ಅವರು ತೀರಿಕೊಂಡು ನಾಲ್ಕು ದಶಕ ಕಳೆದಿವೆ. ಆದರೂ ಆ ಮುಖ ತೋರಿಸಿದರೆ ಹೆಸರು ಹೇಳದ ಕನ್ನಡಿಗರು ಕಡಿಮೆ.

ನಮ್ಮ ಸಂಘದ ಈ ಇ-ಪುಸ್ತಕಕ್ಕೆ ಒಬ್ಬರ ಜೀವನ ಚಿತ್ರ ಬರೆದುಕೊಡು ಅಂದಾಗ, ಎಂಜಿನಿಯರಿಂಗ್ ಓದಿದವನು ಅಂತ ಎಲ್ಲರೂ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ನಿರೀಕ್ಷಿಸಿದ್ದರು. ನಾನು ನರಸಿಂಹರಾಜು ಅವರನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಜರ್ಮನ್‌ಟೌನ್‌ನ ನಮ್ಮ ಬಾಡಿಗೆ ಮನೆಯಲ್ಲಿ ನಾವು ನಾಲ್ವರು ಹುಡುಗರಿದ್ದೇವೆ. ಈ ಸೆಮಿಸ್ಟರ್ ಪೂರ್ತಿ ನಾಲ್ವರಿಗೂ ಇಂಟರ್ನ್‌ಶಿಪ್ ಮತ್ತು ಕೆಲಸದ್ದೇ ಚಿಂತೆ. ಒಬ್ಬ ಲಿಂಕ್ಡ್‌ಇನ್ ಫೋಟೋಗೆ ಅಂತ ಸಾಲ ಮಾಡಿ ಸೂಟ್ ತಗೊಂಡ. ಇನ್ನೊಬ್ಬ ಕನ್ನಡಿ ಮುಂದೆ ನಿಂತು ನಗೋದು ಪ್ರಾಕ್ಟೀಸ್ ಮಾಡ್ತಾನೆ. ನನಗೆ ಉಬ್ಬುಹಲ್ಲು. ಚಿಕ್ಕವನಿದ್ದಾಗ ನಮ್ಮ ಸೋದರಮಾವ ಪ್ರೀತಿಯಿಂದ ನನ್ನನ್ನು ಕರೀತಿದ್ದ ಹೆಸರೇ ನರಸಿಂಹರಾಜು. ಹಲ್ಲಿಗೆ ತಂತಿ ಹಾಕಿಸೋದಾ ಬೇಡ್ವಾ ಅನ್ನೋ ಲೆಕ್ಕ ನನ್ನ ಎಕ್ಸೆಲ್ ಶೀಟ್‌ನಲ್ಲಿ ಇವತ್ತಿಗೂ ಇದೆ.

ರೂಪ ಮುಖ್ಯ ಅಲ್ಲ, ಪ್ರತಿಭೆ ಇದ್ದರೆ ಸಾಕು ಅಂತ ಊರಲ್ಲಿ ದೊಡ್ಡವರು ಹೇಳ್ತಾರೆ. ಲೆಕ್ಕ ಹಾಗೆ ಹೇಳೋದಿಲ್ಲ. ಡೇನಿಯಲ್ ಹ್ಯಾಮರ್‌ಮೆಶ್ ಮತ್ತು ಜೆಫ್ ಬಿಡಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕ ಮತ್ತು ಕೆನಡಾದ ಸಮೀಕ್ಷೆಗಳನ್ನು ಹಿಡಿದು ಇದನ್ನೇ ಅಳೆದು, 1994ರಲ್ಲಿ ಪ್ರಕಟಿಸಿದರು. ನೋಡಲು ಸಾಧಾರಣಕ್ಕಿಂತ ಕಡಿಮೆ ಅನ್ನಿಸಿಕೊಂಡವರ ಸಂಪಾದನೆ, ಸಾಧಾರಣ ರೂಪದವರಿಗಿಂತ ಶೇಕಡಾ 5ರಿಂದ 10ರಷ್ಟು ಕಡಿಮೆ ಇತ್ತು. ಅಂದಮೇಲೆ ರೂಪಕ್ಕೆ ಬೆಲೆ ಇದೆ. ಆ ಬೆಲೆ ಕಟ್ಟಿಯೂ ಒಬ್ಬ ಮನುಷ್ಯ ಮೇಲೆ ಬಂದದ್ದು ಹೇಗೆ, ಬಂದಮೇಲೂ ಏನು ಉಳಿದುಹೋಯಿತು ಅನ್ನೋದನ್ನು ನರಸಿಂಹರಾಜು ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಕನ್ನಡದ ಉದಾಹರಣೆ ನನಗೆ ಬೇರೆ ಸಿಗಲಿಲ್ಲ.

ಅವರು ಬಣ್ಣ ಹಚ್ಚಿದ್ದು ನಾಲ್ಕನೇ ವಯಸ್ಸಿನಲ್ಲಿ. ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಕಂಪನಿಯಲ್ಲಿ ಬಾಲನಟನಾಗಿ ಸೇರಿಕೊಂಡರು. ಆಗಿನ ಕಾಲದ ನಾಟಕ ಕಂಪನಿ ಅಂದರೆ ಏನು ಅನ್ನೋದು ನಮ್ಮ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. ಅದೊಂದು ಊರೂರು ತಿರುಗುವ ಮನೆ. ನಟರು, ಹಾರ್ಮೋನಿಯಂ ಮೇಷ್ಟ್ರು, ಪರದೆ ಬರೆಯುವವರು, ಅಡುಗೆಯವರು, ಎಲ್ಲರೂ ಒಟ್ಟಿಗೇ ಇರುತ್ತಿದ್ದರು. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ಕಲೆಕ್ಷನ್ ಬರುವವರೆಗೂ ಅಲ್ಲೇ, ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಊರು. ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವದ ತನಕ. ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು. ನಮ್ಮ ಪಾಲಿಗೆ ಕಾಲೇಜು ಹೇಗೋ ಅವರ ಪಾಲಿಗೆ ಕಂಪನಿ ಹಾಗೆ. ಸ್ಪಷ್ಟ ಉಚ್ಚಾರಣೆ, ಹೊತ್ತಿಗೆ ಸರಿಯಾದ ಮಾತು, ಎದುರಿಗೆ ಕೂತ ಜನರ ಉಸಿರನ್ನು ಅಳೆಯೋದು, ಎಲ್ಲವನ್ನೂ ಅಲ್ಲೇ ಕಲಿಯಬೇಕಿತ್ತು. ಡಿಗ್ರಿ ಸರ್ಟಿಫಿಕೇಟ್ ಇಲ್ಲ, ದಿನಾ ರಾತ್ರಿ ಪರೀಕ್ಷೆ ಮಾತ್ರ ಇತ್ತು.

ಆ ಕಂಪನಿಗಳಲ್ಲಿ ಯಾರಿಗೆ ಯಾವ ಪಾತ್ರ ಅನ್ನೋದನ್ನು ಮೊದಲು ನಿರ್ಧರಿಸುತ್ತಿದ್ದದ್ದು ಮೈಕಟ್ಟು, ಮುಖ ಮತ್ತು ಕಂಠ. ಚಿಕ್ಕ ಹುಡುಗರಿಗೆ ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣನ ಪಾತ್ರಗಳು. ಮುಖ ನುಣುಪಾಗಿದ್ದರೆ ಸ್ತ್ರೀ ಪಾತ್ರ. ಎತ್ತರ, ಭರ್ತಿ ಮೈ, ಹಾಡುವ ಕಂಠ ಇದ್ದರೆ ರಾಜಪಾರ್ಟು. ಬಾಲನಟನಿಗೆ ಒಂದು ದಿನ ಗಂಟಲು ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಅಲ್ಲಿಗೆ ಹಳೇ ಪಾತ್ರಗಳೆಲ್ಲ ಬೇರೆ ಹುಡುಗನ ಪಾಲಾಗುತ್ತವೆ. ನರಸಿಂಹರಾಜು ಅವರಿಗೂ ಆ ವಯಸ್ಸು ಬಂತು. ಅವರ ಸಣಕಲು ಮೈಗೆ ಕಿರೀಟ ಭುಜಕೀರ್ತಿ ಒಪ್ಪುವಂತಿರಲಿಲ್ಲ. ಹಲ್ಲು ಹಾಗಿದ್ದವನನ್ನು ಶ್ರೀರಾಮ ಅಂತ ಜನ ನಂಬುವುದಿಲ್ಲ ಅಂತ ಯಾವ ಕಂಪನಿ ಮಾಲೀಕನಾದರೂ ಯೋಚಿಸುತ್ತಿದ್ದ. ಉಳಿದದ್ದು ಹಾಸ್ಯ.

ಆದರೆ ಇಲ್ಲೊಂದು ವಿಷಯ ಗಮನಿಸಬೇಕು. ಕನ್ನಡ ವೃತ್ತಿರಂಗಭೂಮಿಯಲ್ಲಿ ಹಾಸ್ಯಗಾರನ ಜಾಗ ಕೀಳಾದ ಜಾಗ ಆಗಿರಲಿಲ್ಲ. ಆ ರಂಗಭೂಮಿಯ ಅತಿ ದೊಡ್ಡ ಹೆಸರಾದ ಗುಬ್ಬಿ ವೀರಣ್ಣನವರೇ ಹಾಸ್ಯನಟರು. ಸದಾರಮೆ ನಾಟಕದಲ್ಲಿ ಅವರು ಮಾಡುತ್ತಿದ್ದದ್ದು ಕಳ್ಳನ ಪಾತ್ರ, ಜನ ಟಿಕೆಟ್ ತೆಗೆದುಕೊಳ್ಳುತ್ತಿದ್ದದ್ದು ಆ ಕಳ್ಳನನ್ನು ನೋಡೋಕೆ. ನರಸಿಂಹರಾಜು ಬೇರೆ ಬೇರೆ ಕಂಪನಿಗಳಲ್ಲಿ ದುಡಿದು ಕೊನೆಗೆ ಆ ಗುಬ್ಬಿ ಕಂಪನಿಗೂ ಬಂದರು. ಹಾಸ್ಯಗಾರನೊಬ್ಬ ಇಡೀ ಕಂಪನಿಯನ್ನು ಹೊತ್ತು ನಡೆಸಬಲ್ಲ ಅನ್ನೋದು ಅವರಿಗೆ ಅಲ್ಲಿ ಕಣ್ಣೆದುರಿಗೇ ಇತ್ತು. ರೂಪ ಅವರನ್ನು ಒಂದು ಬಾಗಿಲಿಂದ ಆಚೆ ನಿಲ್ಲಿಸಿ ಇನ್ನೊಂದು ಬಾಗಿಲ ಮುಂದೆ ತಂದು ಬಿಟ್ಟಿತು. ಒಳಗೆ ಹೋದಮೇಲಿನ ಕೆಲಸ ಅವರದು.

1954ರಲ್ಲಿ ಬೇಡರ ಕಣ್ಣಪ್ಪ ಬಂತು. ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದಲ್ಲೇ ಮುತ್ತುರಾಜ್ ಎಂಬ ಗಾಜನೂರಿನ ಯುವಕ ರಾಜ್‌ಕುಮಾರ್ ಆದದ್ದು. ಅದೇ ಚಿತ್ರದಲ್ಲಿ ಪೂಜಾರಿ ಕೈಲಾಸನಾಥನ ಪಾತ್ರ ಜಿ. ವಿ. ಅಯ್ಯರ್ ಅವರದು, ಅವನ ಮಗ ಕಾಶಿಯ ಪಾತ್ರ ನರಸಿಂಹರಾಜು ಅವರದು. ಅವರಿಗೆ ಆಗ ಮೂವತ್ತು ತುಂಬಿತ್ತು, ರಾಜ್‌ಕುಮಾರ್ ಅವರಿಗೆ ಇಪ್ಪತ್ತೈದು. ಚಿತ್ರ ಭರ್ಜರಿ ಯಶಸ್ಸು ಕಂಡಿತು. ಒಂದೇ ಚಿತ್ರದಿಂದ ಒಬ್ಬ ನಾಯಕ, ಒಬ್ಬ ಹಾಸ್ಯನಟ ಇಬ್ಬರೂ ಕನ್ನಡಕ್ಕೆ ಸಿಕ್ಕಿದರು.

ರಂಗದ ಮೇಲಿನ ಮುಖಕ್ಕೂ ಕ್ಯಾಮೆರಾ ಮುಂದಿನ ಮುಖಕ್ಕೂ ವ್ಯತ್ಯಾಸ ಇದೆ. ನಾಟಕದಲ್ಲಿ ಇಪ್ಪತ್ತನೇ ಸಾಲಿನವನಿಗೆ ಹಲ್ಲು ಕಾಣುವುದಿಲ್ಲ, ಸಿನಿಮಾದಲ್ಲಿ ಒಂದು ಹಲ್ಲು ಪರದೆ ಮೇಲೆ ಮೊಣಕೈಯಷ್ಟು ದೊಡ್ಡದಾಗುತ್ತದೆ. ಮುಚ್ಚಿಡೋಕೆ ಸಾಧ್ಯ ಇಲ್ಲ. ನರಸಿಂಹರಾಜು ಅದನ್ನು ಮುಚ್ಚಲಿಲ್ಲ. ಹಾಗಂತ ಹಲ್ಲು ತೋರಿಸಿ ನಗಿಸಲೂ ಇಲ್ಲ. ಅವರ ಯಾವುದಾದರೂ ಹಳೇ ಚಿತ್ರವನ್ನು ಯೂಟ್ಯೂಬ್‌ನಲ್ಲಿ ಹಾಕಿ, ಧ್ವನಿ ಪೂರ್ತಿ ನಿಲ್ಲಿಸಿ ಐದು ನಿಮಿಷ ನೋಡಿ. ಎದುರಿನವನು ಮಾತಾಡುವಾಗ ಅವರ ಕಣ್ಣು, ಕತ್ತು, ಕೈಬೆರಳು ಏನು ಮಾಡುತ್ತಿವೆ ಅಂತ ಗಮನಿಸಿ. ಆಮೇಲೆ ಕಣ್ಣು ಮುಚ್ಚಿ ಬರೀ ಧ್ವನಿ ಕೇಳಿ. ಹಲ್ಲು ಮುಂದಿರುವವರಿಗೆ ಪ, ಬ, ಮ ಅಕ್ಷರಗಳು ಕಷ್ಟ, ಎರಡು ತುಟಿ ಕೂಡಲು ಒಂಚೂರು ಹೆಚ್ಚು ಶ್ರಮ ಬೇಕು. ಇದು ನನ್ನ ಸ್ವಂತ ಬಾಯಿಯ ಅನುಭವ. ಅವರ ಮಾತಿನಲ್ಲಿ ಆ ಶ್ರಮ ಎಲ್ಲೂ ಕೇಳಿಸುವುದಿಲ್ಲ. ಎಷ್ಟೇ ವೇಗವಾಗಿ ಮಾತಾಡಲಿ, ಒಂದು ಅಕ್ಷರವೂ ಕಲಸಿಹೋಗುವುದಿಲ್ಲ. ಇಪ್ಪತ್ತೈದು ವರ್ಷದ ಕಂಪನಿ ನಾಟಕದ ಅಭ್ಯಾಸ ಅದು. ನಾವು ಹಲ್ಲು ನೋಡಿ ನಕ್ಕೆವು ಅಂದುಕೊಳ್ಳುತ್ತೇವೆ, ಆದರೆ ನಮ್ಮನ್ನು ನಗಿಸಿದ್ದು ಆ ಅಭ್ಯಾಸ.

1965ರ ಸತ್ಯ ಹರಿಶ್ಚಂದ್ರ ಇದಕ್ಕೆ ಒಳ್ಳೇ ಸಾಕ್ಷಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ರಾಜ್‌ಕುಮಾರ್ ಹರಿಶ್ಚಂದ್ರ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ. ರಾಜ್ಯ ಕಳೆದುಕೊಂಡ ಹರಿಶ್ಚಂದ್ರನ ಬೆನ್ನಿಗೆ ಬಿದ್ದು ಸಾಲ ವಸೂಲಿ ಮಾಡುವ ಶಿಷ್ಯ ಈ ನಕ್ಷತ್ರಿಕ. ಬಿಡದೆ ಕಾಡುವವರನ್ನು ನಾವು ಈಗಲೂ ನಕ್ಷತ್ರಿಕ ಅಂತಲೇ ಬೈತೀವಿ. ಕಥೆಯಲ್ಲಿ ಅವನು ಕ್ರೂರಿ. ಅದನ್ನು ಬರೀ ಕ್ರೂರವಾಗಿ ಮಾಡಿದರೆ ಜನ ಹಲ್ಲು ಕಡಿಯುತ್ತಾರೆ, ಬರೀ ತಮಾಷೆಯಾಗಿ ಮಾಡಿದರೆ ಹರಿಶ್ಚಂದ್ರನ ಸಂಕಟ ಹಗುರವಾಗುತ್ತದೆ. ನರಸಿಂಹರಾಜು ಎರಡರ ನಡುವೆ ನಡೆದರು. ನಗುತ್ತಲೇ ಇರುವಾಗ ಅಯ್ಯೋ ಪಾಪ ರಾಜ ಅನ್ನಿಸುತ್ತದೆ. ಕಳೆದ ಚಳಿಗಾಲದಲ್ಲಿ ಹಿಮ ಬಿದ್ದು ಎಲ್ಲ ಬಂದ್ ಆಗಿದ್ದ ದಿನ ನಾವು ನಾಲ್ವರೂ ಕೂತು ಈ ಚಿತ್ರ ನೋಡಿದೆವು. ಕನ್ನಡ ಅಷ್ಟಾಗಿ ಬಾರದ ನಮ್ಮ ತೆಲುಗು ರೂಮ್‌ಮೇಟ್ ಕೂಡ ನಕ್ಷತ್ರಿಕ ಬಂದಾಗಲೆಲ್ಲ ಫೋನ್ ಪಕ್ಕಕ್ಕಿಟ್ಟು ನೋಡಿದ.

ಪ್ರತಿಭೆ, ಅಭ್ಯಾಸ ಇಷ್ಟೇ ಆಗಿದ್ದರೂ ಅವರು ಆ ಎತ್ತರಕ್ಕೆ ಹೋಗುತ್ತಿದ್ದರೋ ಇಲ್ಲವೋ. ಜೊತೆಯವರನ್ನು ಬಿಟ್ಟುಕೊಡದ ಗುಣವೂ ಅವರಲ್ಲಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಸ್ಟುಡಿಯೋಗಳೆಲ್ಲ ಮದ್ರಾಸಿನಲ್ಲಿ. ಅಲ್ಲಿ ತಮಿಳು ತೆಲುಗು ಚಿತ್ರಗಳ ಭರಾಟೆಯ ನಡುವೆ ಕನ್ನಡದ ಕಲಾವಿದರಿಗೆ ಕೈಯಲ್ಲಿ ಕೆಲಸ ಇಲ್ಲದ ದಿನಗಳೇ ಹೆಚ್ಚು. ಆಗ ರಾಜ್‌ಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಮತ್ತೆ ನಾಟಕ ಆಡುತ್ತಾ ಊರೂರು ತಿರುಗಿದರು. ಸಿನಿಮಾದಲ್ಲಿ ಹೆಸರು ಮಾಡಿದವರು ಮತ್ತೆ ರಂಗದ ಮೇಲೆ ಹತ್ತೋಕೆ ನಾಚಿಕೆ ಪಡಲಿಲ್ಲ. ಆಮೇಲೆ ನಾಲ್ವರೂ ಸೇರಿ ನಿರ್ಮಿಸಿದ ಚಿತ್ರವೇ 1960ರ ರಣಧೀರ ಕಂಠೀರವ. ಮೈಸೂರಿನ ದೊರೆಯ ಕಥೆ, ರಾಜ್‌ಕುಮಾರ್ ನಾಯಕ. ಪರದೆಯ ಮೇಲೆ ಒಬ್ಬರು ದೊರೆ, ಇನ್ನೊಬ್ಬರು ಹಾಸ್ಯ. ಲೆಕ್ಕದ ಪುಸ್ತಕದಲ್ಲಿ ನಾಲ್ವರೂ ಪಾಲುದಾರರು.

ಆ ನಾಲ್ವರಲ್ಲಿ ಬಾಲಕೃಷ್ಣ ಅವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರು ತಿಪಟೂರಿನ ಪಕ್ಕದ ಅರಸೀಕೆರೆಯವರು. ರೈಲಿನಲ್ಲಿ ಹೋದರೆ ಒಂದರ ಹಿಂದೆ ಒಂದು ಬರುವ ದೊಡ್ಡ ಸ್ಟೇಷನ್ನುಗಳು ಇವೆರಡು. ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ, ತಮ್ಮ ಸರದಿ ಯಾವಾಗ ಅಂತ ಅಂದಾಜು ಮಾಡಿ ಸಂಭಾಷಣೆ ಹೇಳುತ್ತಿದ್ದ ನಟ ಅವರು. ಈ ನಟ ಮತ್ತು ನರಸಿಂಹರಾಜು ಒಂದೇ ಫ್ರೇಮಿನಲ್ಲಿ ಮಾತಿಗೆ ಮಾತು ಕೊಡುವ ದೃಶ್ಯಗಳಲ್ಲಿ ಒಂದು ಕ್ಷಣವೂ ಜಾಗ ತಪ್ಪುವುದಿಲ್ಲ. ಒಬ್ಬರು ಇನ್ನೊಬ್ಬರ ಕೊರತೆಯನ್ನು ತಿಳಿದುಕೊಂಡು, ಅದಕ್ಕೆ ತಕ್ಕಂತೆ ನಿಂತು ಕೊಡದೆ ಇದು ಆಗುವ ಕೆಲಸ ಅಲ್ಲ.

1960ರ ದಶಕ ನರಸಿಂಹರಾಜು ಅವರ ದಶಕ. ಇಪ್ಪತ್ತೈದು ವರ್ಷಗಳ ಸಿನಿಮಾ ಬದುಕಿನಲ್ಲಿ ಅವರು 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಗಟ್ಟಿಮಾಡಿಕೊಂಡು, ಆಮೇಲೆ ನಾಯಕನ ಬಳಿ ಹೋಗುತ್ತಿದ್ದರು ಅನ್ನೋ ಮಾತು ಚಿತ್ರರಂಗದಲ್ಲಿ ಈಗಲೂ ಚಾಲ್ತಿಯಲ್ಲಿದೆ. ನಾಯಕ ಬದಲಾಗಬಹುದು, ಪೋಸ್ಟರ್‌ನಲ್ಲಿ ಈ ಮುಖ ಇಲ್ಲದಿದ್ದರೆ ಕಷ್ಟ. ಒಂದು ಕಾಲಕ್ಕೆ ರಾಜಪಾರ್ಟಿಗೆ ಅಡ್ಡ ಬಂದಿದ್ದ ಹಲ್ಲೇ ಈಗ ದೂರದಿಂದ ಗುರುತು ಸಿಗುವ ಮುದ್ರೆಯಾಗಿತ್ತು.

ಮುಖದ ಈ ಲೆಕ್ಕಾಚಾರ ಸಿನಿಮಾಕ್ಕೆ ಮಾತ್ರ ಸೇರಿದ್ದಲ್ಲ. ಜರ್ಮನ್‌ಟೌನ್‌ನಿಂದ ಒಂದು ಗಂಟೆ ಪ್ರಯಾಣ ಮಾಡಿದರೆ ವಾಷಿಂಗ್ಟನ್‌ನಲ್ಲಿ ಲಿಂಕನ್ ಸ್ಮಾರಕ ಇದೆ. ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ನಾವು ಮೊದಲು ಕರೆದುಕೊಂಡು ಹೋಗೋದು ಅಲ್ಲಿಗೇ. ಆ ಲಿಂಕನ್ ಬದುಕಿದ್ದಾಗ ಅವರ ರೂಪವನ್ನು ವಿರೋಧಿಗಳು ಬಾಯಿಗೆ ಬಂದಂತೆ ಆಡಿಕೊಂಡರು. ಆರಡಿ ನಾಲ್ಕಿಂಚು ಎತ್ತರ, ಬತ್ತಿದ ಕೆನ್ನೆ, ಉದ್ದುದ್ದ ಕೈಕಾಲು. ಲಿಂಕನ್ ತಮ್ಮ ಮುಖದ ಬಗ್ಗೆ ತಾವೇ ತಮಾಷೆ ಮಾಡಿ ಎದುರಿನವರ ಕೈಯಿಂದ ಕಲ್ಲು ಕಿತ್ತುಕೊಳ್ಳುತ್ತಿದ್ದರು. 1860ರ ಚುನಾವಣೆ ಹೊತ್ತಿಗೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕಾಗದ ಬರೆದು, ಮುಖ ತೆಳ್ಳಗಿರೋದರಿಂದ ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತದೆ ಅಂತ ಸಲಹೆ ಕೊಟ್ಟಳು. ಕೆಲವೇ ವಾರಗಳಲ್ಲಿ ಅವರು ಗಡ್ಡ ಬಿಟ್ಟರು. ಇವತ್ತು ಕಲ್ಲಿನ ಮೂರ್ತಿಯಲ್ಲಿ ನಾವು ನೋಡೋದು ಆ ಗಡ್ಡದ ಮುಖವನ್ನೇ. ತನ್ನ ರೂಪದ ಬಗ್ಗೆ ಮೊದಲ ಮಾತು ತಾನೇ ಆಡೋದು ಲಿಂಕನ್ ಅವರಲ್ಲೂ ಇತ್ತು, ನರಸಿಂಹರಾಜು ಅವರಲ್ಲೂ ಇತ್ತು. ಆದರೆ ಲಿಂಕನ್‌ಗೆ ಮುಖ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು. ನರಸಿಂಹರಾಜು ಅವರಿಗೆ ಆ ಸ್ವಾತಂತ್ರ್ಯ ಉಳಿದಿರಲಿಲ್ಲ. ಅವರ ಮನೆ ನಡೆಯುತ್ತಿದ್ದದ್ದೇ ಆ ಮುಖದಿಂದ.

ಇದೇ ಅವರ ಯಶಸ್ಸಿನ ಇನ್ನೊಂದು ಮುಖ. ರಾಜ್‌ಕುಮಾರ್ ಬೇಡ ಆದರು, ದೊರೆ ಆದರು, ಸಂತ ಆದರು, ಪತ್ತೇದಾರ ಆದರು. ಅದೇ ಚಿತ್ರದಿಂದ ಅದೇ ವರ್ಷ ಹೊರಟ ನರಸಿಂಹರಾಜು ಮಾತ್ರ ಚಿತ್ರದಿಂದ ಚಿತ್ರಕ್ಕೆ ಹಾಸ್ಯದ ಭಾಗದಲ್ಲೇ ಉಳಿದರು. ಅಳಿಸುವ ಶಕ್ತಿ ಅವರಲ್ಲಿರಲಿಲ್ಲ ಅಂತ ಅಲ್ಲ. ಅವರು ಪರದೆ ಮೇಲೆ ಬಂದ ಕೂಡಲೇ ಜನ ನಗೋಕೆ ಶುರು ಮಾಡುತ್ತಿದ್ದರು, ಅಷ್ಟೇ. 1974ರಲ್ಲಿ ಅವರೇ ನಿರ್ಮಾಪಕರಾಗಿ, ಮುಖ್ಯ ಪಾತ್ರ ವಹಿಸಿ ಪ್ರೊಫೆಸರ್ ಹುಚ್ಚೂರಾಯ ಮಾಡಿದರು. ಸಿನಿಮಾಕ್ಕೆ ಬಂದು ಇಪ್ಪತ್ತು ವರ್ಷ ಆದಮೇಲೆ ಕಥೆಯ ನಡುಮಧ್ಯೆ ನಿಲ್ಲೋಕೆ ಅವರು ತಮ್ಮದೇ ದುಡ್ಡು ಹಾಕಬೇಕಾಯಿತು. ಅದಕ್ಕೂ ಮೊದಲು ದ್ವಾರಕೀಶ್ ತಮ್ಮ ಕುಳ್ಳ ಮೈಯನ್ನೇ ಹೆಸರು ಮಾಡಿಕೊಂಡು 1972ರಲ್ಲಿ ಕುಳ್ಳ ಏಜೆಂಟ್ 000 ತಂದಿದ್ದರು. ಅವರೂ ನಿರ್ಮಾಪಕರೇ. ಮೈಕಟ್ಟಿನಿಂದ ಹಾಸ್ಯದ ಸಾಲಿಗೆ ಸೇರಿದವರು ಆ ಸಾಲಿನಿಂದ ಆಚೆ ಬರಬೇಕಾದರೆ ಸ್ವತಃ ಬಂಡವಾಳ ಹಾಕುವ ಧೈರ್ಯ ಬೇಕಿತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಕಠಿಣ. ಅದೇ ಕಾಲದಲ್ಲಿ ರಮಾದೇವಿ, ಎಂ. ಎನ್. ಲಕ್ಷ್ಮೀದೇವಿ ಅವರಂಥ ಅದ್ಭುತ ಕಲಾವಿದೆಯರು ಹಾಸ್ಯದಲ್ಲಿದ್ದರು. ನಮ್ಮ ತಲೆಮಾರಿಗೆ ಅವರ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಹಾಸ್ಯ ಚಕ್ರವರ್ತಿ ಅಂತ ನಾವು ಪ್ರೀತಿಯಿಂದ ಹೇಳುತ್ತೇವೆ. ಚಕ್ರವರ್ತಿನಿ ಅಂತ ಹೇಳೋಕೆ ನಮಗೆ ಯಾರೂ ನೆನಪಾಗೋದಿಲ್ಲ.

1979ರ ಜುಲೈ 11ರಂದು ಹೃದಯಾಘಾತದಿಂದ ನರಸಿಂಹರಾಜು ತೀರಿಕೊಂಡರು. ಐವತ್ತಾರು ತುಂಬೋಕೆ ಹದಿಮೂರು ದಿನ ಬಾಕಿ ಇತ್ತು. ನಾಲ್ಕನೇ ವಯಸ್ಸಿನಿಂದ ಲೆಕ್ಕ ಹಾಕಿದರೆ ಐವತ್ತು ವರ್ಷಕ್ಕೂ ಮೀರಿದ ದುಡಿಮೆ. ಅವರ ನಂತರ ಬಂದ ಹಾಸ್ಯನಟರನ್ನೆಲ್ಲ ಜನ ಅವರ ಪಕ್ಕದಲ್ಲಿಟ್ಟೇ ಅಳೆದರು.

ಸ್ನೇಹಿತರೆ, ಇದನ್ನೆಲ್ಲ ಓದಿ ರೂಪಕ್ಕೆ ಬೆಲೆ ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ನರಸಿಂಹರಾಜು ಅವರ ಬದುಕು ಹೇಳೋದು ಅದಲ್ಲ. ನೋಡಿದ ಕೂಡಲೇ ಜಗತ್ತು ನಮ್ಮನ್ನು ಒಂದು ಖಾನೆಗೆ ಹಾಕುತ್ತದೆ. ಇಲ್ಲಿ ನಮಗೂ ಒಂದು ಖಾನೆ ರೆಡಿ ಇದೆ. ಕೆಲಸ ಚೆನ್ನಾಗಿ ಮಾಡ್ತಾನೆ, ತಲೆ ಬಗ್ಗಿಸಿ ಕೋಡ್ ಬರೀತಾನೆ, ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ ಅನ್ನೋ ಖಾನೆ ಅದು. ಕೆಲವರಿಗೆ ಮೈಬಣ್ಣದಿಂದ, ಕೆಲವರಿಗೆ ಎತ್ತರದಿಂದ, ಬಹಳಷ್ಟು ಜನರಿಗೆ ಮಾತಿನ ಧಾಟಿಯಿಂದ ಈ ಚೀಟಿ ಅಂಟುತ್ತದೆ. ಮೊದಲ ಬಾಗಿಲು ನಾವು ಆರಿಸಿಕೊಂಡಿದ್ದೇ ಆಗಬೇಕು ಅಂತ ಇಲ್ಲ. ಅವರು ಸಿಕ್ಕ ಬಾಗಿಲಲ್ಲಿ ಹೋದರು, ಒಳಗೆ ಹೋಗಿ ಯಾರೂ ಬದಲಿ ತರಲಾರದಷ್ಟು ಕೆಲಸ ಕಲಿತರು, ಕಷ್ಟ ಬಂದಾಗ ಜೊತೆಯವರ ಜೊತೆ ಪಾಲು ಹಾಕಿ ನಿಂತರು. ಆದರೂ ಖಾನೆಯ ಗೋಡೆ ಪೂರ್ತಿ ಬೀಳಲಿಲ್ಲ. ಎರಡನ್ನೂ ನೆನಪಿಟ್ಟುಕೊಳ್ಳೋದು ಒಳ್ಳೇದು. ಕಷ್ಟಪಟ್ಟರೆ ಎಲ್ಲ ಸಿಗುತ್ತೆ ಅನ್ನೋ ಭಾಷಣ ಆಗ ನಮ್ಮನ್ನು ಮೋಸ ಮಾಡೋದಿಲ್ಲ. ಒಬ್ಬರಿಗೆ ಕೆಲಸ ಸಿಗದಿದ್ದರೆ ಅವರಲ್ಲೇ ಏನೋ ಕೊರತೆ ಇದೆ ಅಂತ ತಕ್ಷಣ ತೀರ್ಪು ಕೊಡೋದೂ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ನಮ್ಮ ಕೈಯಲ್ಲೇ ಇದೆ. ನಮ್ಮಲ್ಲಿ ಕೆಲವರು ಇನ್ನು ಮೂರ್ನಾಲ್ಕು ವರ್ಷಕ್ಕೆ ಟೇಬಲ್‌ನ ಆಚೆ ಬದಿಯಲ್ಲಿ ಕೂತು ಬೇರೆಯವರ ಇಂಟರ್‌ವ್ಯೂ ಮಾಡುತ್ತೇವೆ. ಆಗ ಎದುರಿಗೆ ಬರುವ ಮುಖವನ್ನು ಮೊದಲ ಹತ್ತು ಸೆಕೆಂಡಿನಲ್ಲಿ ಯಾವ ಖಾನೆಗೆ ಹಾಕಿದೆವು ಅಂತ ಒಮ್ಮೆ ಕೇಳಿಕೊಳ್ಳೋಣ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇಟ್ಟರೆ ಖಾನೆಯ ಜೋರು ಸ್ವಲ್ಪ ತಗ್ಗುತ್ತದೆ. ಕಂಪನಿ ನಾಟಕದಲ್ಲಿ ಅಂಥ ಅಳತೆಗೋಲು ಇದ್ದಿದ್ದರೆ, ತಿಪಟೂರಿನ ಆ ಸಣಕಲು ಹುಡುಗ ಒಂದು ರಾತ್ರಿಯಾದರೂ ಹರಿಶ್ಚಂದ್ರನ ಪಾತ್ರ ಮಾಡುತ್ತಿದ್ದನೇನೋ.